ಗದಿಗೆಪ್ಪ ಗಡ್ಡ ಬಿಟ್ಟದ್ದು

ಮುಲುಂಡಿನ ನಮ್ಮ ಗಲ್ಲಿಯ ಗದಿಗೆಪ್ಪ ಕೊನೆಯ ವರ್ಷಗಳಲ್ಲಿ ಎದೆಯವರೆಗೆ ಗಡ್ಡ ಬಿಟ್ಟಿದ್ದ. ಹೊಸದಾಗಿ ಬಂದವರು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಕೈ ಮುಗಿಯುತ್ತಿದ್ದರು. ಹಳಬರು, ವಯಸ್ಸಾಯಿತು, ಮನಸ್ಸು ದೇವರ ಕಡೆ ತಿರುಗಿತು ಎನ್ನುತ್ತಿದ್ದರು. ಎರಡೂ ಸುಳ್ಳು. ಅವನು ಕಟಿಂಗ್ ಸಲೂನಿನವನು, ಊರವರ ಗಡ್ಡ ಹೆರೆದೇ ಬದುಕಿದವನು. ಆ ಗಡ್ಡ ಹೇಗೆ ಬಂತೆಂಬುದು ನನಗೆ ಗೊತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನದು ಅವನ ಸಲೂನಿಗೆ ಹೊಂದಿಕೊಂಡ ಹಿಟ್ಟಿನ ಗಿರಣಿ. ಇಬ್ಬರೂ ವಿಜಾಪುರದ ಕಡೆಯವರು. ನಡುವೆ ಒಂದು ತಗಡಿನ ಗೋಡೆ. ಗಿರಣಿ ನಿಂತಾಗ ಅವನ ಕತ್ತರಿಯ ಸದ್ದು ನನಗೆ, ನನ್ನ ಬೈಗುಳ ಅವನಿಗೆ ಕೇಳುತ್ತಿದ್ದವು. ಸಂಜೆ ಹಿಟ್ಟು ಮೆತ್ತಿದ ತಲೆ ಹೊತ್ತುಕೊಂಡು ಹೋದರೆ, "ಸಂಗಣ್ಣ, ಈ ತಲಿ ಕಟಿಂಗ್ ಮಾಡೂದೋ, ರೊಟ್ಟಿ ಬಡಿಯೂದೋ?" ಎಂದು ಗಿರಾಕಿಗಳ ಮುಂದೆ ಕಿಚಾಯಿಸುತ್ತಿದ್ದ.

ಸಲೂನಿನಲ್ಲಿದ್ದದ್ದು ಒಂದೇ ಕುರ್ಚಿ, ಒಂದು ಬೆಂಚು, ಮೂಲೆಯಲ್ಲಿ ಪಾದರಸ ಉದುರಿದ ಕನ್ನಡಿ. ಆದರೆ ಅವನ ಕತ್ತಿಯ ಹೆಸರು ಸ್ಟೇಶನ್ನಿನ ಆಚೆಯವರೆಗೂ ಹೋಗಿತ್ತು. ಮೊಡವೆ ಮುಖದ ಹುಡುಗರು, ಚರ್ಮ ಜೋತ ಮುದುಕರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಕೈಯಲ್ಲಿ ಗಾಯವಾಗುವುದಿಲ್ಲ ಎಂಬುದು ಜನರ ಮಾತು. ಗದಿಗೆಪ್ಪನಿಗೆ ಮಕ್ಕಳಿರಲಿಲ್ಲ, ಊರಲ್ಲಿ ಹೊಲವಿರಲಿಲ್ಲ. ಇದ್ದ ಆಸ್ತಿಯೆಲ್ಲ ಆ ಹೆಸರೇ.

ಇಸವಿ ಐವತ್ತನಾಲ್ಕರಲ್ಲೋ ಐವತ್ತೈದರಲ್ಲೋ ಅವನ ಹೆಂಡತಿ ರಾಚವ್ವ ತವರಿನಿಂದ ಪರಪ್ಪ ಎಂಬ ತಂದೆಯಿಲ್ಲದ ಹುಡುಗನನ್ನು ಕರೆತಂದಳು. ಅದುವರೆಗೆ ಯಾರಾದರೂ ಶಿಷ್ಯನ ಮಾತೆತ್ತಿದರೆ "ನನ್ನ ಕೈ ಏನ್ ಬಿದ್ದಹೋಗ್ಯಾವ?" ಎಂದು ಸಿಡುಕುತ್ತಿದ್ದವನು ಈ ಸಲ ಒಂದೇ ಮಾತಿಗೆ ಒಪ್ಪಿಕೊಂಡ. ನನಗೆ ಆಶ್ಚರ್ಯವಾಯಿತು. ಮುದುಕನಾಗುತ್ತಿದ್ದಾನೆ, ಮನೆಯಲ್ಲಿ ಒಂದು ಮಗು ಬೇಕೆನಿಸಿರಬೇಕು ಎಂದುಕೊಂಡೆ.

ಹುಡುಗ ಚುರುಕಾಗಿದ್ದ. ಗದಿಗೆಪ್ಪನನ್ನು ಮಾಮಾ ಎನ್ನುತ್ತಿದ್ದ, ರಾಚವ್ವನನ್ನು ರಾಚಕ್ಕ ಎನ್ನುತ್ತಿದ್ದ, ಅವರ ಖೋಲಿಯಲ್ಲೇ ಉಂಡು ಮಲಗುತ್ತಿದ್ದ. ಮೊದಮೊದಲು ಮಣ್ಣಿನ ಗಡಿಗೆಗೆ ಸಾಬೂನಿನ ನೊರೆ ಹಚ್ಚಿ ಕತ್ತಿಯಿಂದ ತೆಗೆಯುವುದೇ ಅವನ ಪಾಠ. ಒಂದು ಸೋಮವಾರ, ಸಲೂನಿಗೆ ರಜೆಯ ದಿನ, ಗದಿಗೆಪ್ಪ ಗಡಿಗೆಯನ್ನು ಪಕ್ಕಕ್ಕಿಟ್ಟು ತಾನೇ ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಚೆಲ್ಲಿದ. ನಾನು ಬಾಗಿಲಲ್ಲಿ ನಿಂತಿದ್ದೆ.

"ಮಾಮಾ, ನನಗ ಅಂಜಿಕಿ ಬರತೈತಿ," ಎಂದ ಹುಡುಗ.

"ಮಂದಿ ಗಂಟಲದ ಮ್ಯಾಲೆ ಕಲಿಯೂದಲ್ಲಲೇ ಇದು. ಮೊದಲ ನನ್ನ ಗಂಟಲದ ಮ್ಯಾಲೆ ಕಲಿ."

ಅವತ್ತು ನಾಲ್ಕಾರು ಕಡೆ ಗೀರಿತು. ಮುಗಿದ ಮೇಲೆ ಗದಿಗೆಪ್ಪ ರಕ್ತ ನಿಲ್ಲಲು ಪಟಿಕ ಉಜ್ಜಿಕೊಳ್ಳುತ್ತ ಹೇಳಿದ: "ಒಂದ ನೆನಪ ಇಟ್ಕೊ. ಕತ್ತಿ ಗಂಟಲದ ಮ್ಯಾಲೆ ಇದ್ದಾಗ ಗಿರಾಕಿನ ಮಾತಾಡಿಸಬ್ಯಾಡ. ಉತ್ತರಾ ಕೊಡಾಕ ಹೋದರ ಗಂಟಲ ಅಲಗಾಡತೈತಿ."

ಆಮೇಲೆ ಸಲೂನಿನ ಪದ್ಧತಿಯೇ ಬದಲಾಯಿತು. ಕತ್ತರಿ ಗದಿಗೆಪ್ಪನದು, ಕತ್ತಿ ಪರಪ್ಪನದು. ಗುರು ಪಕ್ಕದಲ್ಲೇ ನಿಂತಿರುತ್ತಿದ್ದುದರಿಂದ ಗಿರಾಕಿಗಳೂ ತಕರಾರು ಮಾಡಲಿಲ್ಲ. ಹುಡುಗನ ಕೈ ಕುದುರಲಿ ಎಂದು ಹಿರಿಯ ಹಿಂದೆ ಸರಿದಿದ್ದಾನೆ ಎಂದು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಸ್ಟೇಶನ್ನಿನ ಎದುರಿಗೆ ಮೂರು ಕುರ್ಚಿ, ಫ್ಯಾನು, ರೇಡಿಯೋ ಇದ್ದ ಹೊಸ ಸಲೂನು ತೆರೆಯಿತು. ಒಂದು ಬೆಳಿಗ್ಗೆ ಪರಪ್ಪ ಕೆಲಸಕ್ಕೆ ಬರಲಿಲ್ಲ. ಹೋಗುತ್ತೇನೆಂದು ರಾಚವ್ವನಿಗೂ ಹೇಳಿರಲಿಲ್ಲ. ಅವಳು ಅವನ ಪಾಲಿನ ರೊಟ್ಟಿ ಮುಚ್ಚಿಟ್ಟು ಕಾದಳು. ಮಧ್ಯಾಹ್ನ ಯಾರೋ ಬಂದು, ಅವನು ಹೊಸ ಸಲೂನಿನಲ್ಲಿ ಏಪ್ರನ್ ಕಟ್ಟಿಕೊಂಡು ನಿಂತಿದ್ದಾನೆ ಎಂದರು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಗದಿಗೆಪ್ಪ ನನ್ನನ್ನೇ ಸಮಾಧಾನ ಮಾಡಿದ.

"ಹೋಗಲಿ ಬಿಡು ಸಂಗಣ್ಣ. ಪ್ರಾಯದ ಹುಡುಗಾ, ಮುಂದ ಬರಬೇಕಲ್ಲ."

ಹೋದದ್ದನ್ನು ಅವನು ಕ್ಷಮಿಸಿದ್ದ. ಇಷ್ಟಕ್ಕೇ ನಿಂತಿದ್ದರೆ ನಾನೂ ಮರೆಯುತ್ತಿದ್ದೆ.

ಮುಂದಿನ ವಾರದಿಂದ ಗಿರಾಕಿಗಳು ವಿಚಿತ್ರವಾಗಿ ನಡೆದುಕೊಳ್ಳತೊಡಗಿದರು. ಬಂದು ಕೂದಲು ಕತ್ತರಿಸಿಕೊಳ್ಳುತ್ತಿದ್ದರು, ಗದಿಗೆಪ್ಪ ನೊರೆಯ ಬ್ರಶ್ ಕೈಗೆತ್ತಿಕೊಂಡರೆ "ದಾಢಿ ಮನೆಯಲ್ಲೇ ಮಾಡಿಕೊಳ್ಳುತ್ತೇನೆ" ಎಂದು ಏಳುತ್ತಿದ್ದರು. ಒಂದು ಭಾನುವಾರ ಬೆಂಚಿನ ತುಂಬ ಜನ. ಹಳೆಯ ಗಿರಾಕಿ ಜೋಶಿ ಮಾಸ್ತರರು ಕುರ್ಚಿಯಲ್ಲಿದ್ದರು. ಗದಿಗೆಪ್ಪ ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತಿದ್ದಾಗ ಅವರು ತಿರುಗಿ, "ಗದಿಗೆಪ್ಪಾ, ಸಿಟ್ಟಾಗಬೇಡ. ಒಮ್ಮೆ ಕೈ ಚಾಚಿ ತೋರಿಸು" ಎಂದರು.

"ಯಾಕ್ರಿ ಮಾಸ್ತರ?"

"ನಿನ್ನ ಕೈ ನಡುಗುತ್ತದಂತೆ. ಎರಡು ವರ್ಷದಿಂದ ನೀನು ಕತ್ತಿಯನ್ನೇ ಹಿಡಿದಿಲ್ಲವಂತೆ. ಪರಪ್ಪ ಸ್ಟೇಶನ್ನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಾನೆ."

ಗದಿಗೆಪ್ಪ ಕತ್ತಿ ಕೆಳಗಿಟ್ಟು ಬಲಗೈ ಚಾಚಿದ. ಕೈ ನಡುಗಿತು. ಅಷ್ಟು ಜನರ ಎದುರಿಗೆ ನಿಂತದ್ದಕ್ಕೆ ಇನ್ನಷ್ಟು ನಡುಗಿತು. ಮಾಸ್ತರರು ತಲೆ ತಗ್ಗಿಸಿ ಎದ್ದು ಹೋದರು. ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು.

ಆ ಸಂಜೆ ಅವನು ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕುಳಿತ. ನಡುಕ ಪರಪ್ಪ ಬರುವ ಮೊದಲೇ ಶುರುವಾಗಿತ್ತು ಎಂದು ಹೇಳಿಕೊಂಡ. ಕತ್ತರಿ ಆಡುತ್ತಲೇ ಇರುವುದರಿಂದ ಅದರಲ್ಲಿ ಯಾರಿಗೂ ಕಾಣುತ್ತಿರಲಿಲ್ಲ, ಕತ್ತಿ ಮಾತ್ರ ಸುಮ್ಮನೆ ನಿಲ್ಲುವ ಕೈ ಕೇಳುತ್ತದೆ. ಅದಕ್ಕೇ ಹುಡುಗನನ್ನು ಇಟ್ಟುಕೊಂಡದ್ದು. ಪರಪ್ಪನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ರಾಚವ್ವನಿಗೂ ಹೇಳಿರಲಿಲ್ಲ.

"ಯಾರಿಗೂ ಹೇಳೂದಿಲ್ಲಂತ ಆಣಿ ಹಾಕಿಸ್ಕೊಬೇಕಾಗಿತ್ತು ನೀ," ಎಂದೆ. ಇಷ್ಟು ವರ್ಷದ ಗೆಳೆಯನಿಗೆ ಹೇಳದ್ದನ್ನು ಆ ಪೋರನಿಗೆ ಹೇಳಿದ್ದ ಎಂಬ ಸಂಕಟ ನನಗೆ.

"ಮನೀ ಹುಡುಗಗ ಯಾಂವ ಆಣಿ ಹಾಕಸ್ತಾನೊ? ಯಾಕ ಹಿಂಗ ಮಾಡಿದಿ ಅಂತ ಒಂದ ಮಾತ ಕೇಳಬೇಕು ಆಂವನ್ನ. ನೀ ಬಾ. ಆದರ ಬಾಯಿ ಬಿಡಬ್ಯಾಡ."

ಮರುದಿನವಲ್ಲ, ಕೆಲವು ದಿನ ಬಿಟ್ಟು ಹೊಸ ಸಲೂನಿಗೆ ಹೋದೆವು. ಅಷ್ಟರಲ್ಲಿ ಗದಿಗೆಪ್ಪನ ಮುಖದ ಮೇಲೆ ಬಿಳಿ ಕುರುಚಲು ಬೆಳೆದಿತ್ತು. ನಮ್ಮನ್ನು ನೋಡಿ ಪರಪ್ಪನ ಮುಖ ಒಂದು ಗಳಿಗೆ ಬಿಳಚಿಕೊಂಡಿತು. ಆಮೇಲೆ ಓಡಿಬಂದು ಕಾಲು ಮುಟ್ಟಿದ. "ಬರ್ರಿ ಮಾಮಾ. ಎಷ್ಟ ಗಡ್ಡ ಬಂದೈತಿ ನೋಡ್ರಿ. ಕುಂಡರ್ರಿ, ನಾ ಮಾಡ್ತೀನಿ."

ಗದಿಗೆಪ್ಪನ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. ಹುಡುಗನಿಗೆ ತನ್ನ ತಪ್ಪಿನ ಅರಿವಾಗಿದೆ ಎಂದು ಆ ಪಾಪದ ಮನುಷ್ಯ ನಂಬಿಬಿಟ್ಟ. ಕೇಳಬೇಕೆಂದು ಬಂದದ್ದನ್ನು ಕೇಳಲೇ ಇಲ್ಲ. ಕುರ್ಚಿಯಲ್ಲಿ ಕುಳಿತು ತಲೆ ಹಿಂದಕ್ಕೆ ಚೆಲ್ಲಿದ.

ಪರಪ್ಪ ನೊರೆ ಹಚ್ಚಿದ. ಎಡಗೈ ಹೆಬ್ಬೆರಳಿನಿಂದ ಚರ್ಮ ಎಳೆದು ಹಿಡಿದ, ಗದಿಗೆಪ್ಪ ಹಿಡಿಯುತ್ತಿದ್ದ ಹಾಗೆಯೇ. ಕತ್ತಿ ಗದ್ದದ ಕೆಳಗೆ ಇಳಿದ ಮೇಲೆ ಅವನು ಬೆಂಚಿನ ಮೇಲಿದ್ದವರ ಕಡೆ ನೋಡಿ ಹಿಂದಿಯಲ್ಲಿ ಶುರು ಮಾಡಿದ.

"ಇವರೇ ನನ್ನ ಉಸ್ತಾದರು. ಕೈ ನಡುಗುತ್ತದೆ ಎಂದರೆ ನೀವು ನಂಬಿರಲಿಲ್ಲ. ಈಗ ನೋಡಿ, ತಮ್ಮ ಗಡ್ಡಕ್ಕೂ ನನ್ನ ಹತ್ತಿರವೇ ಬಂದಿದ್ದಾರೆ."

ಜನ ಮೆಚ್ಚಿ ತಲೆದೂಗಿದರು. ಗದಿಗೆಪ್ಪನ ಕಣ್ಣು ತೆರೆದವು. ಮಾತಾಡುವಂತಿರಲಿಲ್ಲ, ಕತ್ತಿ ಗಂಟಲ ಮೇಲಿತ್ತು. ನಾನು ಕೂಗಲು ಬಾಯಿ ತೆರೆದು ಮುಚ್ಚಿದೆ. ಕೂಗಿದರೆ ಬೆಚ್ಚುವುದು ಯಾರ ಕೈ, ಕೊಯ್ದುಹೋಗುವುದು ಯಾರ ಕೊರಳು?

ಮುಗಿದ ಮೇಲೆ ನಾನು ಆ ಪೋರನ ಕಪಾಳಕ್ಕೆ ಕೈ ಎತ್ತಿದೆ. ಗದಿಗೆಪ್ಪ ನನ್ನ ಮುಂಗೈ ಹಿಡಿದುಕೊಂಡ. ಅವನ ನಡುಕ ನನ್ನ ತೋಳಿನವರೆಗೂ ಬಂತು. ಹಾಗೆಯೇ ಹಿಡಿದು ಹೊರಗೆ ಕರೆತಂದ. ದಾರಿಯಲ್ಲಿ ಗದ್ದದ ಕೆಳಗೆ ಬೆರಳಾಡಿಸುತ್ತ, "ಒಂದ ಗೀರ ಬಿದ್ದಿಲ್ಲ. ಕಲಸೂದು ಚಲೋನ ಕಲಸೀನಿ" ಎಂದ.

ಅವನ ಮುಖದ ಮೇಲೆ ಕತ್ತಿ ಆಡಿದ್ದು ಅದೇ ಕೊನೆ. ಸಲೂನು ಮುಚ್ಚಲಿಲ್ಲ, ಮಕ್ಕಳ ಕಟಿಂಗಿನಲ್ಲಿ ಎರಡು ಹೊತ್ತಿನ ಊಟ ಹುಟ್ಟುತ್ತಿತ್ತು. ರಾಚವ್ವ ಒಮ್ಮೆ ನನ್ನೆದುರಿಗೇ ಹೇಳಿದಳು: "ಇನ್ನೊಬ್ಬ ಹುಡುಗನ್ನ ಇಟ್ಕೋರಿ. ಕಲಸಿದರ ದಾಢಿ ಕೆಲಸಾ ಮತ್ತ ನಡೀತೈತಿ."

ಗದಿಗೆಪ್ಪ ಗಡ್ಡವನ್ನು ಕೊರಳ ಮೇಲೆ ಸರಿಪಡಿಸಿಕೊಂಡ.

"ಕಲಸಬೇಕಂದರ ಮೊದಲ ಗಂಟಲ ಕೊಡಬೇಕು," ಎಂದ. "ಅದ ಇನ್ನ ನನ್ನ ಕಡಿಂದ ಆಗೂದಿಲ್ಲ."