ರಾವಸಾಬ ಕಟ್ಟಿದ ಡೊಂಕು ಗೋಡೆ

ಕೆಲವು ವರ್ಷಗಳ ಹಿಂದಿನ ಮಾತು. ಕಬ್ಬು ಕಡಿಯುವ ಹಂಗಾಮು ಆಗಷ್ಟೇ ಶುರುವಾಗಿತ್ತು. ನಾನು ಕನ್ನಡ ವಾಹಿನಿಯೊಂದರ ಹಾಸ್ಯ ಧಾರಾವಾಹಿಯಲ್ಲಿ ಕಂಟಿನ್ಯುಟಿ ಮೇಲ್ವಿಚಾರಕಿಯಾಗಿದ್ದೆ. ಧಾರಾವಾಹಿಯ ನಾಲ್ಕನೆಯ ಸೀಸನ್ ನಡೆದಿತ್ತು. ರಾಯಬಾಗದ ಕಡೆಯ ಹಳ್ಳಿಯೊಂದರಲ್ಲಿ ಹಳೆಯ ಮನೆ ಬಾಡಿಗೆಗೆ ಹಿಡಿದು ಚಿತ್ರೀಕರಣ ಮಾಡುತ್ತಿದ್ದೆವು. ಉಳಿದುಕೊಳ್ಳುವುದು ಚಿಕ್ಕೋಡಿಯ ಲಾಡ್ಜಿನಲ್ಲಿ.

ಕಂಟಿನ್ಯುಟಿ ಎಂದರೇನು ಎಂದು ಇಂದಿಗೂ ನಮ್ಮ ಅತ್ತೆಗೆ ಅರ್ಥವಾಗಿಲ್ಲ. ಟಿವಿಯಲ್ಲಿ ಒಬ್ಬ ಬಾಗಿಲು ದಾಟಿ ಒಳಗೆ ಬರುತ್ತಾನೆ. ಬಾಗಿಲ ಹೊರಗಿನ ಭಾಗವನ್ನು ಇವತ್ತು ತೆಗೆದಿರುತ್ತೇವೆ, ಒಳಗಿನದನ್ನು ಮುಂದಿನ ವಾರ. ನೋಡುವವರಿಗೆ ಮಾತ್ರ ಅದು ಒಂದೇ ಹೆಜ್ಜೆ. ಆ ಹೆಜ್ಜೆಯ ನಡುವೆ ಅಂಗಿಯ ಗುಂಡಿ, ಗಡಿಯಾರ ಕಟ್ಟಿದ ಕೈ, ಲೋಟದಲ್ಲಿನ ಚಹಾ ಯಾವುದೂ ಬದಲಾಗದಂತೆ ಕಾಯುವವಳು ನಾನು. ನನ್ನ ಅಪ್ಪ ನಿಪ್ಪಾಣಿಯಲ್ಲಿ ದರ್ಜಿ. ನಾನು ಈ ಘಟಕಕ್ಕೆ ಸೇರಿದ್ದೂ ಬಟ್ಟೆ ಹೊಲಿಯಲಿಕ್ಕೆ. ಗುಂಡಿ ತಪ್ಪಿದರೆ ಊಟ ಸೇರದ ನನ್ನ ಸ್ವಭಾವ ನೋಡಿ ನಿರ್ದೇಶಕ ಮಹಾವೀರ ಈ ಕೆಲಸಕ್ಕೆ ಹಚ್ಚಿದರು. ಅಂದಿನಿಂದ ನನಗೆ ನೆಮ್ಮದಿ ಎನ್ನುವುದಿಲ್ಲ. ಮದುವೆಗೆ ಹೋದರೂ ವಧುವಿನ ಮಲ್ಲಿಗೆ ದಂಡೆ ಬೆಳಗ್ಗೆ ಎಡಕ್ಕಿತ್ತು, ಈಗ ಬಲಕ್ಕಿದೆ ಎಂಬುದೇ ಕಣ್ಣಿಗೆ ಬೀಳುತ್ತದೆ. "ನಿನ್ನ ಜೋಡಿ ನೆಟ್ಟಗ ಜಗಳಾ ಆಡಾಕೂ ಆಗಂಗಿಲ್ಲ" ಎನ್ನುತ್ತಾರೆ ನನ್ನ ಗಂಡ, "ಹೋದ ವರ್ಷ ನಾ ಏನ್ ಅಂದಿದ್ನಿ ಅದನ್ನೂ ತಗದ ಮುಂದ ಇಡ್ತಿ."

ಗುಂಡಿ, ಗಡಿಯಾರ ಸುಲಭ, ಫೋಟೋ ತೆಗೆದಿಟ್ಟು ಹೋಲಿಸಿದರಾಯಿತು. ಕಷ್ಟದ್ದು ಮನುಷ್ಯನ ಗುಣ. ಅದು ಫೋಟೋದಲ್ಲಿ ಹಿಡಿಯುವುದಿಲ್ಲ.

ನಮ್ಮ ಧಾರಾವಾಹಿಯ ಕಥೆ ಇಷ್ಟೇ. ರಾವಸಾಬ ಮತ್ತು ಸಿದ್ರಾಮ ಎಂಬ ಅಣ್ಣತಮ್ಮಂದಿರು ಮೊದಲ ಕಂತಿನಲ್ಲೇ ಜಗಳಾಡಿ ಮನೆ ಪಾಲು ಮಾಡಿಕೊಳ್ಳುತ್ತಾರೆ. ಅಂಗಳದ ನಡುವೆ ಗೋಡೆ ಏಳಬೇಕು. ರಾವಸಾಬ ಕಡುಜಿಪುಣ. ಗೌಂಡಿಗೆ ಯಾಕೆ ಕೂಲಿ ಕೊಡಬೇಕೆಂದು ತಾನೇ ಕುಳಿತು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಎದೆಮಟ್ಟದ ಗೋಡೆ ಕಟ್ಟುತ್ತಾನೆ. ಅದು ಡೊಂಕಾಗಿ ಏಳುತ್ತದೆ. ಅವತ್ತಿನಿಂದ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡುವುದಿಲ್ಲ. ಆದರೆ ನಮ್ಮ ಕಡೆಯ ಜನ ಮಾತು ಬಿಟ್ಟರೂ ಹೇಳುವುದನ್ನು ಬಿಡುವುದಿಲ್ಲವಲ್ಲ. ಎಮ್ಮೆಗೋ ಕೂಸಿಗೋ ಹೇಳಿದಂತೆ ಮಾಡಿ ಮುಟ್ಟಿಸಬೇಕಾದವರಿಗೆ ಮುಟ್ಟಿಸುತ್ತಾರೆ. ಇವರಿಬ್ಬರೂ ಗೋಡೆಗೆ ಹೇಳುತ್ತಿದ್ದರು. "ಏ ಗ್ವಾಡಿ, ಅವಂಗ ಹೇಳು, ಅವನ ಆಡು ನನ್ನ ಮೆಂತೆ ಮೇದೈತಿ." ಆ ಕಡೆಯಿಂದ ಉತ್ತರ: "ಗ್ವಾಡಿ, ಅವಂಗ ಕೇಳು, ಮೆಂತೆಕ್ಕ ನೀರು ಯಾರ ಬಾವಿದು?" ಜನ ಇದಕ್ಕೇ ಬಿದ್ದು ಬಿದ್ದು ನಕ್ಕರು. ಇಂಥ ಒಂದು ಗೋಡೆ ಎಲ್ಲರ ಮನೆಯಲ್ಲೂ ಇತ್ತು ಅನ್ನಿಸುತ್ತದೆ.

ಪ್ರತಿ ಸೀಸನ್ನಿಗೂ ಸೆಟ್ಟಿನ ಹುಡುಗರು ಆ ಗೋಡೆ ನೆಟ್ಟಗೆ ಮಾಡಲು ಹೊರಡುತ್ತಿದ್ದರು. ನಾನು ಅಡ್ಡ ನಿಲ್ಲುತ್ತಿದ್ದೆ. ಡೊಂಕು ರಾವಸಾಬನದು, ಅದನ್ನು ಮುಟ್ಟಬೇಡಿ ಎನ್ನುತ್ತಿದ್ದೆ.

ರಾವಸಾಬನ ಪಾತ್ರ ಮಾಡುತ್ತಿದ್ದವರು ಕೊಕಟನೂರಿನ ಕಲ್ಲಪ್ಪ ಮಾಸ್ತರ. ಅಥಣಿ ಸುತ್ತಲಿನ ಹಳ್ಳಿಗಳಲ್ಲಿ ನಾಟಕ ಕಲಿಸುತ್ತ ವಯಸ್ಸು ಕಳೆದವರು. ಕ್ಯಾಮೆರಾ ಅವರನ್ನು ಹುಡುಕಿಕೊಂಡು ಬಂದಾಗ ಅರವತ್ತು ದಾಟಿತ್ತು. ಮಂದಿ ಬೀದಿಯಲ್ಲಿ ತಡೆದು ಮಾತಾಡಿಸಿದ್ದು ಬದುಕಿನಲ್ಲಿ ಅದೇ ಮೊದಲು. ಆ ಪಾತ್ರವೆಂದರೆ ಅವರಿಗೆ ಪ್ರಾಣ.

ಮೂರನೆಯ ಸೀಸನ್ನಿನ ಹೊತ್ತಿಗೆ ಬರೆಯುವವರು ಬದಲಾದರು, ನಾಲ್ಕಕ್ಕೆ ಮತ್ತೆ ಬದಲಾದರು. ಹೊಸಬರು ಹಳೆಯ ಕಂತುಗಳನ್ನು ಓಡಿಸಿ ಓಡಿಸಿ ನೋಡಿರುತ್ತಾರೆ. ರಾವಸಾಬ ಜಿಪುಣ ಎಂಬುದಷ್ಟೇ ಅವರ ತಲೆಯಲ್ಲಿ ಉಳಿಯಿತು. ಮೊದಲಿನ ರಾವಸಾಬ ಬಂದವರಿಗೆ ಸಕ್ಕರೆ ಇಲ್ಲದ ಚಹಾ ಕೊಡುತ್ತಿದ್ದ ನಿಜ. ಆದರೆ ತಮ್ಮನ ಮನೆಯಲ್ಲಿ ಬೆಲ್ಲ ತೀರಿದಾಗ ಗೋಡೆಯ ಮೇಲೆ ಒಂದು ಹೆಂಟೆ ಬೆಲ್ಲ ಇಟ್ಟು, "ಗ್ವಾಡಿ, ಇಲ್ಲೆ ಇಲಿ ಕಾಟ ಭಾಳ ಆಗೇತಿ, ನೀನ ಇಟಗೋ" ಎನ್ನುತ್ತಿದ್ದ. ನಾಲ್ಕನೆಯ ಸೀಸನ್ನಿನಲ್ಲಿ ಅವನು ಗುಡಿಯ ತೆಂಗಿನಕಾಯಿ ಕದ್ದ. ಮಕ್ಕಳ ಕೈಯ ಬಿಸ್ಕತ್ತು ಕಸಿದ. ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವ ಹೆಂಗಸು ನನ್ನನ್ನು ಹಿಡಿದು ನಿಲ್ಲಿಸಿದಳು. ಆ ಕಡೆ ಎಲ್ಲರಿಗೂ ನಾನು ಆಪಾ, ಅಂದರೆ ಅಕ್ಕ.

"ಏನ್ರಿ ಆಪಾ, ನಮ್ಮ ರಾವಸಾಬಗ ಏನ್ ಬಡದೇತಿ? ಜಿಪುಣ ಇದ್ದಾ ಅಂವ, ಕಳ್ಳ ಎಲ್ಲಿದ್ದಾನ್ರಿ?"

ಅವತ್ತು ಕೊಂಡ ಬಾಳೆಹಣ್ಣು ಚೀಲದಲ್ಲೇ ಕಪ್ಪಾಗಿ ಹೋಯಿತು.

ಹೀಗಿರುವಾಗ ಸೀಸನ್ನಿನ ಕೊನೆಯ ಕಂತಿನ ಸ್ಕ್ರಿಪ್ಟ್ ಬಂತು. ತಮ್ಮ ಸಿದ್ರಾಮ ಮನೆಯ ತನ್ನ ಪಾಲು ಬಿಟ್ಟು ಮಿರಜಕ್ಕೆ ಹೊರಟಿದ್ದಾನೆ. ಹೋಗುವ ಮುಂಚೆ ಹಾರೆ ತಂದು ಗೋಡೆ ಕೆಡವುತ್ತಾನೆ. ರಾವಸಾಬ ಓಡಿ ಬಂದು ತಬ್ಬಿಕೊಂಡು ಅಳುತ್ತ, "ತಮ್ಮಾ, ನನ್ನನ್ನು ಕ್ಷಮಿಸು" ಎನ್ನಬೇಕು. ವಾಹಿನಿಯವರಿಗೆ ಪ್ರೋಮೋಕ್ಕೆ ಆ ಒಂದು ಸಾಲು ಬೇಕಿತ್ತು.

ಮಾಸ್ತರ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. "ಇದನ್ನ ಅಂವ ಹೇಳಾಂಗಿಲ್ರಿ" ಎಂದರು.

"ನೀವು ಹೇಳಾಂಗಿಲ್ಲೋ, ಅಂವ ಹೇಳಾಂಗಿಲ್ಲೋ?" ಎಂದರು ಮಹಾವೀರ, ಸ್ವಲ್ಪ ಬಿರುಸಾಗಿಯೇ.

"ನಂದೇನೈತ್ರಿ. ನಂಗ ನೂರ ಸಲ ಹೇಳಾಕ ಬರ್ತೈತಿ. ಅಂವಗ ಬರಂಗಿಲ್ಲ."

ಘಟಕದಲ್ಲಿ ಗುಸುಗುಸು ಎದ್ದಿತು. ಮುದುಕನಿಗೆ ಜಂಬ ಬಂದಿದೆ ಎಂದರು ಕೆಲವರು. ಗುಸುಗುಸು ಬೆಂಗಳೂರಿಗೂ ಮುಟ್ಟಿತು.

ಸಾಲದ್ದಕ್ಕೆ ಕಬ್ಬಿನ ಕಾಟ. ಅಂಗಳದ ಹಿಂದೆ ಆಳೆತ್ತರದ ಕಬ್ಬು ನಿಂತಿತ್ತು. ಸಿದ್ರಾಮ ಹಾರೆ ಹಿಡಿದು ಬರುವ ಭಾಗವನ್ನು ಆ ಕಬ್ಬಿನ ಮುಂದೆ ಆಗಲೇ ತೆಗೆದಿದ್ದೆವು. ಉಳಿದರ್ಧಕ್ಕೂ ಅದೇ ಕಬ್ಬು ಬೇಕು. ಅಷ್ಟರಲ್ಲಿ ಮನೆಯ ಮಾಲೀಕರು ಬಂದು ನಿಂತರು. "ಕಡ್ಯಾ ಗ್ಯಾಂಗ್ ಬಂದೇತ್ರಿ. ನಾಳಿ ಒಂದ ದಿನ ತಡೀತೀನಿ, ನಾಡದ್ದ ಕಬ್ಬು ನೆಲಕ್ಕ. ಫ್ಯಾಕ್ಟರಿ ಪಾಳಿ ತಪ್ಪಿದ್ರ ನನ್ನ ಕೇಳಾವ್ರ ಯಾರು?" ಅವರದೇನು ತಪ್ಪು? ಒಟ್ಟಿನಲ್ಲಿ ಮರುದಿನವೇ ದೃಶ್ಯ ಮುಗಿಯಬೇಕಿತ್ತು. ಗೋಡೆಯೂ ಒಂದೇ. ಒಮ್ಮೆ ಕೆಡವಿದರೆ ಹೊತ್ತು ಮುಳುಗುವುದರೊಳಗೆ ಮತ್ತೆ ಎದೆಮಟ್ಟಕ್ಕೆ ಕಟ್ಟಲು ಸಾಧ್ಯವಿರಲಿಲ್ಲ. ಅಂದರೆ ಒಂದೇ ಟೇಕ್.

ಆ ಮಧ್ಯಾಹ್ನ ಮಹಾವೀರ ಮತ್ತು ನಾನು ಕಾರಿನಲ್ಲಿ ಚಿಕ್ಕೋಡಿಗೆ ಹೊರಟೆವು. ಮಹಾವೀರ ಶೇಡಬಾಳದ ಜೈನರು, ಬೆಳಕಿರುವಾಗಲೇ ಉಣ್ಣುವವರು, ಅದಕ್ಕೇ ಬೇಗ ಹೊರಟಿದ್ದೆವು. ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಕಟ್ಟಿಕೊಂಡು ತಿರುವಿನಲ್ಲಿ ಸಿಕ್ಕಿಬಿದ್ದಿತ್ತು. ಮುಂದೆ ಹೋಗುವಂತಿಲ್ಲ, ಹಿಂದೆಯೂ ಸಾಲು. ನಾನು ಕಾರಿನಿಂದ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಓಢಣಿಯ ತುದಿ ಹಲ್ಲಿನಲ್ಲಿ ಹರಿದೇ ಹೋಯಿತು. ಅಷ್ಟರಲ್ಲಿ ವಾಹಿನಿಯ ಮೇಡಂ ಫೋನ್ ಮಾಡಿದರು. ಮಹಾವೀರ ಸ್ಪೀಕರಿಗೆ ಹಾಕಿದರು.

"ನೋಡಿ ಮಹಾವೀರ್, ಆ ಸಾಲು ಬೇಕೇ ಬೇಕು. ಅವರು ಹೇಳಲ್ಲ ಅಂದ್ರೆ ಐದನೇ ಸೀಸನ್‌ಗೆ ರಾವಸಾಬ ಕಾಶಿಗೆ ಹೋಗಿದ್ದಾನೆ ಅಂತ ಬರೆಸ್ತೀವಿ. ಮುಗೀತು."

ಮೇಡಂ ಫೋನು ಇಟ್ಟರು. ಕೊಕಟನೂರಿನ ಓಣಿಯಲ್ಲಿ ಮಾಸ್ತರ ಮತ್ತೆ ಬರೀ ಕಲ್ಲಪ್ಪನಾಗಿ ನಡೆದು ಹೋಗುವುದು ನನ್ನ ಕಣ್ಣ ಮುಂದೆ ಬಂತು.

"ನೀವಾದ್ರೂ ಬುದ್ಧಿ ಹೇಳ್ರಿ ಶಮೀಮ" ಎಂದರು ಮಹಾವೀರ. "ಪಾತ್ರ ಬೆಳೀಬೇಕಲ್ರಿ? ನಾಕ್ ಸೀಸನ್ ಆತು, ಇನ್ನೂ ಗ್ವಾಡಿಗೇ ಮಾತಾಡಬೇಕನು?"

"ಬೆಳೀಲಿ ಸರ್, ಬ್ಯಾಡ ಅಂದಾವ್ರ ಯಾರು? ಆದ್ರ ಬೆಳದಾಂವ ಅಂವನ ಅಂತ ಗುರ್ತಾರೆ ಸಿಗಬೇಕಲ್ರಿ. ಅಂಗಿ ಬದಲಾದ್ರ ನನ್ನ ಬೈತೀರಿ. ಒಳಗಿನ ಮನಷ್ಯಾನ ಬದಲಾದ್ರ ಯಾರ್ನ ಬೈಯೂದು?"

ಅವರು ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ ಕುಳಿತರು. ಟ್ರ್ಯಾಕ್ಟರ್ ಸರಿದ ಮೇಲೂ ಸ್ವಲ್ಪ ಹೊತ್ತು ಗಾಡಿ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ಮಾಸ್ತರ ಮೇಕಪ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಕಾಶಿಯ ಸುದ್ದಿ ಅವರಿಗೂ ಗೊತ್ತಾಗಿತ್ತು. ನಾನು ಅವರ ತಲೆಯ ಪಟಗ ಸರಿಮಾಡುವ ನೆಪದಲ್ಲಿ ಹತ್ತಿರ ಹೋದೆ.

"ಮಾಸ್ತರ, ಕ್ಷಮಾ ಕೇಳಂಗಿಲ್ಲ ಅಂದ್ರ ಅಂವ ಮತ್ತೇನ್ ಮಾಡ್ತಾನ್ರಿ?"

"ಅದ ಗೊತ್ತಾಗವಲ್ದ ನೋಡವ್ವಾ. ತಮ್ಮ ಹೊಂಟಾನ, ತಡೀಬೇಕಂತ ಅಂವಗ ಆಸೆ ಐತಿ. ಆದ್ರ ಗ್ವಾಡಿ ಇಲ್ದ ಅಂವಗ ಮಾತ ಹೊಂಡಂಗಿಲ್ಲ. ಗ್ವಾಡೀನ ಕೆಡವ್ಯಾರಂದ್ರ ಏನ್ ಮಾಡ್ಬೇಕು?"

ನನಗೆ ಯಾಕೋ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. "ಆ ಗ್ವಾಡಿ ಕಟ್ಟಿದಾಂವ ಅಂವನ ಅಲ್ರಿ? ಗೌಂಡಿಗಿ ರೊಕ್ಕಾ ಕೊಡೂದ ಬ್ಯಾಡಂತ?" ಎಂದು ಪಟಗ ಬಿಗಿದು ಎದ್ದು ಬಂದೆ. ಮಾಸ್ತರ ಕಣ್ಣು ತೆರೆದರು.

ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಮೂರೂ ಕ್ಯಾಮೆರಾ ಸಿದ್ಧವಾದವು. ಕಡಿಯುವ ಗ್ಯಾಂಗಿನ ಗಂಡಸರು ಹೆಂಗಸರು ಹಿತ್ತಿಲ ಬದುವಿನ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದರು. ಮಾಸ್ತರ ಸಾಲು ಹೇಳುತ್ತಾರೋ ಇಲ್ಲವೋ ಎಂದು ಮಹಾವೀರ ಕೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಮಾನಿಟರಿನ ಹಿಂದೆ ಅತ್ತಿಂದಿತ್ತ ತಿರುಗುತ್ತಿದ್ದೆ. ಸದ್ದಾಗುತ್ತದೆಂದು ಸೌಂಡಿನವನು ಕೈಮುಗಿದು ನನ್ನ ಚಪ್ಪಲಿ ಬಿಡಿಸಿದ.

ಸಿದ್ರಾಮನ ಪಾತ್ರದ ವಿಜಯ ಹಾರೆ ಎತ್ತಿ ಹಾಕಿದ. ನಾಲ್ಕು ಸೀಸನ್ ನಿಂತ ಡೊಂಕು ಗೋಡೆ ಧೊಪ್ಪೆಂದು ಕುಸಿಯಿತು. ಧೂಳು ಅಡಗಿದಾಗ ರಾವಸಾಬ ತನ್ನ ಬಾಗಿಲಲ್ಲಿ ನಿಂತಿದ್ದ. ಓಡಿ ಬರಲಿಲ್ಲ, ನಡೆದು ಬಂದ. ಅಣ್ಣತಮ್ಮಂದಿರ ನಡುವೆ ಮೊದಲ ಬಾರಿಗೆ ಏನೂ ಇರಲಿಲ್ಲ. ರಾವಸಾಬ ಬಾಯಿ ತೆರೆದ, ಮುಚ್ಚಿದ. ಎಲ್ಲಿ ನೋಡಬೇಕೆಂದು ತಿಳಿಯದವನಂತೆ ಆಚೀಚೆ ನೋಡಿದ. ಆಮೇಲೆ ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಸುತ್ತಿ ಕುಕ್ಕರಗಾಲಿನಲ್ಲಿ ಕುಳಿತ.

ಒಂದು ಇಟ್ಟಿಗೆ ಎತ್ತಿ ಇಟ್ಟ. ಅದರ ಪಕ್ಕ ಇನ್ನೊಂದು.

ಮಹಾವೀರ ಕಟ್ ಹೇಳಲು ಕೈ ಎತ್ತಿದರು. ನಾನು ಹಿಂದಿನಿಂದ ಆ ಕೈ ಹಿಡಿದುಕೊಂಡೆ. ಹಾಗೆ ಮಾಡುವ ಹಕ್ಕು ನನಗಿರಲಿಲ್ಲ. ಅವರು ಬಿಡಿಸಿಕೊಳ್ಳಲೂ ಇಲ್ಲ.

ಮಾಸ್ತರ ಮೂರು ವರಸೆ ಇಟ್ಟಿಗೆ ಜೋಡಿಸಿದರು. ಮೊಣಕಾಲಿನಷ್ಟು ಎತ್ತರ. ಅದೂ ಡೊಂಕು, ಮೊದಲಿನ ಡೊಂಕೇ. ಕೈ ಝಾಡಿಸಿಕೊಂಡು, ತಮ್ಮನ ಕಡೆ ನೋಡದೆ, ಇಟ್ಟಿಗೆಗಳನ್ನೇ ನೋಡುತ್ತ ಹೇಳಿದರು:

"ಏ ಗ್ವಾಡಿ, ಅವಂಗ ಹೇಳು. ಚಾ ಕುದಿಯಾಕತ್ತೇತಿ. ಕುಡದ ಹೋಗಂತ."

ವಿಜಯನಿಗೆ ಸ್ಕ್ರಿಪ್ಟಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಾರೆ ಹಿಡಿದು ಹಾಗೇ ನಿಂತ. ಯಾ ಅಲ್ಲಾ, ಈ ಹುಡುಗ ಕ್ಯಾಮೆರಾ ಕಡೆ ತಿರುಗದಿರಲಿ ಎಂದು ನಾನು ಉಸಿರು ಹಿಡಿದೆ. ಅವನು ಹಾರೆಯನ್ನು ಮೆಲ್ಲಗೆ ಕೆಳಗಿಟ್ಟ. ಗೋಡೆಯ ತನ್ನ ಬದಿಗೆ ತಾನೂ ಕುಕ್ಕರಿಸಿದ.

"ಗ್ವಾಡಿ, ಅವಂಗ ಕೇಳು. ಸಕ್ರಿ ಹಾಕ್ಯಾನೇನು?"

ರಾವಸಾಬ ಬಹಳ ಹೊತ್ತು ಯೋಚಿಸಿದ. ಅವನ ಮುಖದಲ್ಲಿ ಜಿಪುಣತನ ಅದರ ಮೊದಲಿನ ಅಳತೆಗೆ ಮರಳಿ ಬಂದು ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ.

"ಹೇಳು ಅವಂಗ. ಒಂದ ಚಮಚಾ."

ಬದುವಿನ ಮೇಲಿನ ಗ್ಯಾಂಗು ಗೊಳ್ಳೆಂದು ನಕ್ಕಿತು. ಹಾಗೆ ನಕ್ಕ ಒಬ್ಬ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ಕಣ್ಣೂ ಒದ್ದೆಯಾಗಿತ್ತು. ಮಾಸ್ತರ ಎದ್ದು ನಿಲ್ಲಲಾಗದೆ ಕೈ ಚಾಚಿದರು, ಮಹಾವೀರ ಓಡಿ ಹೋಗಿ ಎಬ್ಬಿಸಿದರು.

ಅಲ್ಲಿಗೆ ಚಿಂತೆ ಮುಗಿಯಲಿಲ್ಲ. ದೃಶ್ಯ ನೋಡಿದ ಮೇಡಂ ಫೋನಿನಲ್ಲಿ, "ನನ್ನ ಸಾಲು ಎಲ್ಲಿ?" ಎಂದರು. "ಚಾ ಕುಡಿ ಅಂದಾನಲ್ರಿ ಮೇಡಂ, ಅದ ನಿಮ್ಮ ಸಾಲು" ಎಂದರು ಮಹಾವೀರ. ಅವರಿಗೆ ಒಪ್ಪಿಗೆಯಾಗಲಿಲ್ಲ. ಮರುದಿನ ಮತ್ತೆ ಕರೆ ಬಂತು. ಗೋಡೆ ಕಟ್ಟಿಸಿ, ಬೇರೆ ಕಲಾವಿದರಿದ್ದರೂ ನೋಡಿ, ಹೊಸದಾಗಿ ತೆಗೆಯಿರಿ ಎಂದು. ನಾನು ಹಿತ್ತಿಲಿಗೆ ಹೋಗಿ ನೋಡಿದೆ. ಕಬ್ಬು ನೆಲಕ್ಕೆ ಬಿದ್ದಿತ್ತು. ಹೊಲ ಬೋಳಾಗಿ ಆಚೆಯ ಡಾಂಬರು ರಸ್ತೆ, ಕರೆಂಟು ಕಂಬ, ಒಂದು ಹಳದಿ ಶಾಲಾ ಬಸ್ಸು ಎಲ್ಲಾ ಕಾಣುತ್ತಿದ್ದವು. ಅದರ ಫೋಟೋ ತೆಗೆದು ಕಳಿಸಿ, ಹಿಂದಿನ ಭಾಗದೊಂದಿಗೆ ಕಂಟಿನ್ಯುಟಿ ಹೊಂದುವುದಿಲ್ಲ, ಮರುಚಿತ್ರೀಕರಣ ಸಾಧ್ಯವಿಲ್ಲ ಎಂದು ವರದಿ ಬರೆದೆ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಿಂದ ಬರೆದ ವರದಿ ಬೇರೊಂದಿಲ್ಲ.

ಬೇರೆ ದಾರಿ ಇಲ್ಲದೆ ಅದೇ ಪ್ರಸಾರವಾಯಿತು. ಮುಂದಿನ ವಾರ ನಿಪ್ಪಾಣಿಯಲ್ಲಿ ಆ ಬಾಳೆಹಣ್ಣಿನ ಹೆಂಗಸು ನನ್ನಿಂದ ರೊಕ್ಕ ತೆಗೆದುಕೊಳ್ಳಲಿಲ್ಲ. "ಸಿಕ್ಕಾ ನೋಡ್ರಿ ಅಂವ" ಎಂದಳು, ಅಷ್ಟೇ. ರಾವಸಾಬನನ್ನು ಕಾಶಿಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ಮನುಷ್ಯ ಬದಲಾಗುವುದಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೆ ಅವನು ಬದಲಾಗಲು ತನ್ನದೇ ಡೊಂಕು ಕೈಗಳು ಬೇಕು, ತನಗೆ ಗೊತ್ತಿರುವ ಕೆಲಸವೇ ಬೇಕು. ನಮ್ಮ ಅವಸರಕ್ಕೆ, ನಮ್ಮ ಕಣ್ಣೀರಿಗೆ ಅವನ ಬಾಯಲ್ಲಿ ಸಾಲು ತುರುಕಿದರೆ ಅಲ್ಲಿ ನಿಲ್ಲುವವನು ಬೇರೆ ಯಾರೋ. ಈಗ ಮನೆಯಲ್ಲಿ ಯಾರಾದರೂ ಮುನಿಸಿಕೊಂಡು, ಕ್ಷಮೆ ಕೇಳದೆ ಬರೀ ಊಟಕ್ಕೆ ಕರೆದರೆ, ನಾನು ಹಳೆಯದನ್ನು ತೆಗೆಯದೆ ಎದ್ದು ಹೋಗಿ ಕೂಡುತ್ತೇನೆ.

ಐದನೆಯ ಸೀಸನ್ನಿನ ಮೊದಲ ದಿನ ಸೆಟ್ಟಿಗೆ ಹೋದರೆ, ಹುಡುಗರು ಮೊಣಕಾಲೆತ್ತರದ ಚೆಂದದ ಗೋಡೆ ಕಟ್ಟಿಟ್ಟಿದ್ದರು, ದಾರ ಹಿಡಿದಂತೆ ನೆಟ್ಟಗೆ. ನಾನು ಬಾಯಿಗೆ ಬಂದಂತೆ ಬೈದು ಕೆಡವಿಸಿದೆ. ಮಾಸ್ತರನ್ನು ಕರೆಸಿ, ಹಳೆಯ ಫೋಟೋ ತೋರಿಸಿ, ಹೀಗೇ ಆಗಬೇಕೆಂದೆ. ಅವರು ಗೊಣಗುತ್ತ ಕುಳಿತು ಒಂದೊಂದೇ ಇಟ್ಟಿಗೆ ಇಟ್ಟರು. ನಾನು ಸುತ್ತ ತಿರುಗಿ ಆ ಮೂಲೆ ಸ್ವಲ್ಪ ಒಳಗೆ, ಈ ಮೂಲೆ ಸ್ವಲ್ಪ ಹೊರಗೆ ಎನ್ನುತ್ತ ಫೋಟೋ ತೆಗೆಯುತ್ತಲೇ ಇದ್ದೆ. ಕೊನೆಗೆ ಮಾಸ್ತರ ನನ್ನ ಕಡೆ ನೋಡದೆ ಇಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದರು:

"ಏ ಗ್ವಾಡಿ, ಆಪಾಗ ಹೇಳು. ಫೋಟೋ ತಗದ ಮುಗದಿದ್ರ ನನ್ನ ಹಿಡದ ಎಬ್ಬಸಂತ."