ಷಡಕ್ಷರಿಯ ಸ್ವಂತ ಹಾಡು

ಷಡಕ್ಷರಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ನನ್ನ ಬಾಲ್ಯದ ಗೆಳೆಯ, ಮೈಸೂರಿನಲ್ಲಿ ನಾನು ಕಂಡ ಎಲ್ಲರಿಗಿಂತ ಚೆನ್ನಾಗಿ ಗಿಟಾರ್ ನುಡಿಸುವವನು. ಜೊತೆಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಆ ಗುಣವೊಂದಿಲ್ಲದಿದ್ದರೆ ಅವನ ಹೆಸರು ಯಾವತ್ತೋ ಕ್ಯಾಸೆಟ್ಟಿನ ಮೇಲೆ ಅಚ್ಚಾಗುತ್ತಿತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ಯಾರೋ ಕೊಟ್ಟ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ಟೇಪು ಸವೆಯುವ ತನಕ ಕೇಳಿ ಅವನು ಕೆಟ್ಟ. ಕೂದಲು ಬಿಟ್ಟ. ಮಂಡಿ ಮೊಹಲ್ಲಾದಲ್ಲಿ ಅವನಪ್ಪ ಸದಾಶಿವಯ್ಯನವರದು ಬೆಲ್ಲದ ಸಗಟು ಅಂಗಡಿ. ಅದರ ಮೇಲಿನ ಗೋದಾಮಿನಲ್ಲಿ, ಮೂಟೆಗಳ ನಡುವೆ, ನಮ್ಮ ಬ್ಯಾಂಡು ಹುಟ್ಟಿತು: ಷಡಕ್ಷರಿಯ ಗಿಟಾರ್, ನನ್ನ ಡ್ರಮ್ಸು, ಕುಂಬಾರಕೊಪ್ಪಲಿನ ಶಿವಕಿರಣನ ಗಂಟಲು. ಯಾವ ಬ್ಯಾಂಡು ಗಿಟಾರನ್ನು ಗರಗಸದಂತೆ ಕುಯ್ಯುತ್ತದೆ, ಯಾವುದು ಮೆಲ್ಲಗೆ ಶುರು ಮಾಡಿ ಕೊನೆಗೆ ಅರಚುತ್ತದೆ, ಯಾರು ಹೇಗೆ ಒಂದೇ ಹಾಡಿನಿಂದ ಹೆಸರಾದರು ಎಂದು ಅವನು ನಮಗೆ ಪಾಠ ಹೇಳುತ್ತಿದ್ದ. ಕೆಳಗಿನಿಂದ ಸದಾಶಿವಯ್ಯನವರ ದನಿ ಬರುತ್ತಿತ್ತು: "ಲೋ, ಗಿರಾಕಿ ಮಾತೇ ಕೇಳುಸ್ತಾ ಇಲ್ಲ ಕಣೋ. ನಿಲ್ಸು ಸಾಕು."

ರಾಕ್ ಬ್ಯಾಂಡನ್ನು ಕರೆಯುವವರು ನಮ್ಮೂರಲ್ಲಿ ಯಾರಿದ್ದರು? ಕರೆಯುತ್ತಿದ್ದವರು ಗಣಪತಿ ಕೂರಿಸುವ ಹುಡುಗರು, ರಾಜ್ಯೋತ್ಸವದ ಸಂಘದವರು. ಅವರಿಗೆ ಬೇಕಾದದ್ದು ಆರ್ಕೆಸ್ಟ್ರಾ. ಅದಕ್ಕೊಂದು ಕಟ್ಟಲೆಯಿತ್ತು. ಮೊದಲು ಕೈಮುಗಿದು ಗಣಪತಿಯ ಸ್ತುತಿ, ಆಮೇಲೆ ಜನ ಚೀಟಿಯಲ್ಲಿ ಬರೆದು ಕಳಿಸಿದ ಸಿನಿಮಾ ಹಾಡು. ಷಡಕ್ಷರಿ ತಾನೇ ಒಂದು ಹಾಡು ಕಟ್ಟಿದ್ದ, ಬೆಳಗಿನ ಜಾವ ಮಂಡಿಯಲ್ಲಿ ಮೂಟೆ ಹೊರುವವರ ಮೇಲೆ. ಅದನ್ನು ಜನರ ಮುಂದೆ ಒಂದು ಸಲ ಪೂರ್ತಿ ನುಡಿಸಬೇಕು, ಅಷ್ಟೇ ಅವನ ಆಸೆ. ಬನ್ನಿಮಂಟಪದ ಗಣಪತಿ ಮುಂದೆ ಶುರು ಮಾಡಿದ್ದೂ ಆಯಿತು. ಒಂದು ಚರಣ ಮುಗಿಯುವಷ್ಟರಲ್ಲಿ ಸಮಿತಿಯ ಮರಿಯಯ್ಯನವರು ವೇದಿಕೆ ಹತ್ತಿ ಮೈಕಿಗೆ ಕೈ ಅಡ್ಡ ಹಿಡಿದರು.

"ಚೆನ್ನಾಗದೆ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಹೆಂಗಸ್ರು ಮಕ್ಕಳು ಕಾಯ್ತಾವ್ರೆ. ಸಿನಿಮಾದ್ದು ಹಾಕ್ಬುಡಿ."

ಹಾಕಿದೆವು. ವರ್ಷಗಟ್ಟಲೆ ಅದನ್ನೇ ಹಾಕಿದೆವು.

ತೊಂಬತ್ತೇಳರಲ್ಲಿ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನವರು ರಾಕ್ ಸ್ಪರ್ಧೆ ಇಟ್ಟರು. ಷಡಕ್ಷರಿ ನಮ್ಮಿಂದ ಆಣೆ ಹಾಕಿಸಿಕೊಂಡ: ಸಿನಿಮಾ ಇಲ್ಲ, ಮೊದಲೇ ನಮ್ಮ ಹಾಡು. ವೇದಿಕೆ ಹತ್ತಿದೆವು. ಎದುರಿಗೆ ಬೆಂಗಳೂರಿನಿಂದ ಬಂದ ಕರಿ ಅಂಗಿಯ ಹುಡುಗರ ಸಮುದ್ರ. ಶಿವಕಿರಣ ಮೈಕಿನ ಮುಂದೆ ಹೋಗಿ ನಿಂತ. ಆಮೇಲೆ ಅವನ ಎರಡು ಕೈಗಳೂ ತಾವಾಗಿಯೇ ಕೂಡಿಕೊಂಡವು, ಕಣ್ಣು ಮುಚ್ಚಿತು, ಬಾಯಿಂದ ಗಣಪತಿಯ ಸ್ತುತಿ ಹೊರಟಿತು. ಮೈಕು ಹಿಡಿದ ಮೇಲೆ ಅವನು ಬೇರೆ ಏನನ್ನೂ ಮೊದಲು ಹಾಡಿದವನೇ ಅಲ್ಲ. ದೇವರ ಹಾಡನ್ನು ಅರ್ಧಕ್ಕೆ ನಿಲ್ಲಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಷಡಕ್ಷರಿಗೂ.

ಆದರೆ ಕೋಪ ಬಂದಿತ್ತಲ್ಲ, ಅದನ್ನೆಲ್ಲ ತಂತಿಯ ಮೇಲೆ ತೀರಿಸಿಕೊಂಡ. ತನ್ನ ಹಾಡಿಗೆಂದು ಕೂಡಿಟ್ಟ ಒರಟು ನಾದವನ್ನು ಸ್ತುತಿಯ ಮೇಲೆ ಸುರಿದ. ಮೊದಲು ನಕ್ಕ ಹುಡುಗರು ಎದ್ದು ನಿಂತರು, ಕುಣಿದರು, ಮತ್ತೊಮ್ಮೆ ಎಂದು ಕೂಗಿದರು. ಷಡಕ್ಷರಿ ಗಿಟಾರಿನ ವೈರು ಕಿತ್ತು ಕೆಳಗಿಳಿದ. "ಇಲ್ಲೂ ಆರ್ಕೆಸ್ಟ್ರಾ ಮಾಡ್ಬುಟ್ರಲ್ಲೋ" ಎಂದ.

ತೀರ್ಪುಗಾರರಲ್ಲಿ ಒಬ್ಬರು ಬೆಂಗಳೂರಿನ ಕ್ಯಾಸೆಟ್ ಕಂಪನಿಯವರು. ಹುಡುಕಿಕೊಂಡು ಬಂದರು. "ಈ ಶೈಲಿ ಹೊಸದು ಕಣ್ರೀ. ಹಳೇ ದೇವರ ನಾಮಗಳನ್ನ ಹೀಗೇ ಮಾಡ್ಕೊಡಿ, ನಾವು ಕ್ಯಾಸೆಟ್ ತರ್ತೀವಿ. ಕೊನೇಲಿ ನಿಮ್ಮ ಸ್ವಂತದ್ದೂ ಒಂದಿರ್ಲಿ."

"ನನ್ನದು ಮೊದಲು ಬರೋದಾದ್ರೆ ಮಾಡ್ತೀನಿ ಸಾರ್."

"ಹೊಸಬರ ಹಾಡು ಮೊದಲು ಹಾಕಿದ್ರೆ ಯಾರು ಕೊಳ್ತಾರೆ?"

"ಹಂಗಾದ್ರೆ ಬೇಡ."

ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ. ಆಡಿದ್ದೇ ಆಡಿದ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೆಯುವುದು ಅಂದರೆ ಇದೇ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಕ್ಕೆ ಬೆಂಗಳೂರಿನ ಒಂದು ಬ್ಯಾಂಡು ದೇವರ ನಾಮಗಳನ್ನು ಒರಟು ಗಿಟಾರಿಗೆ ಹೊಂದಿಸಿ ಹಾಡಿ ಹೆಸರು ಮಾಡಿತು. ಟಿ.ವಿ.ಯಲ್ಲಿ ಅವರೇ, ಕಾಲೇಜುಗಳಲ್ಲಿ ಅವರೇ. ಕದ್ದರು ಅಂತ ಬೈದು ಹಗುರಾಗೋಣವೆಂದರೆ ಅದೂ ಇಲ್ಲ, ಆ ಹುಡುಗರು ನಮ್ಮನ್ನು ಕೇಳಿಯೇ ಇರಲಿಲ್ಲ. ಷಡಕ್ಷರಿ ಕೂದಲು ಕತ್ತರಿಸಿ ಬೆಲ್ಲದ ಅಂಗಡಿಯಲ್ಲಿ ಕೂತ. ಗಣಪತಿ ಹಬ್ಬ ಬಂದರೆ ಮಾತ್ರ ನಾವು ಮೂವರೂ ಸೇರುತ್ತಿದ್ದೆವು. ಈಗ ಚೀಟಿಯಲ್ಲಿ ಬರುತ್ತಿದ್ದದ್ದು ಆ ಬ್ಯಾಂಡಿನ ಹಾಡುಗಳು, ಅವನು ಅವನ್ನು ಒಂದು ಸ್ವರ ತಪ್ಪದೆ ನುಡಿಸುತ್ತಿದ್ದ.

ಎರಡು ಸಾವಿರದ ಆರರಲ್ಲಿ ಬನ್ನಿಮಂಟಪದಲ್ಲಿ, ಅಂಥ ಮೂರು ಹಾಡು ಮುಗಿದ ಮೇಲೆ, ಯಾರಿಗೂ ಹೇಳದೆ ಕೇಳದೆ ಅವನು ತನ್ನ ಆ ಮೂಟೆ ಹೊರುವವರ ಹಾಡು ಎತ್ತಿಕೊಂಡ. ಶಿವಕಿರಣ ಹಾಡಿದ. ಯಾರೂ ಮೈಕಿಗೆ ಕೈ ಅಡ್ಡ ತರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಪೂರ್ತಿ ನುಡಿಸಿದೆವು. ಶಿಳ್ಳೆ ಬಿತ್ತು. ನನ್ನ ಕಣ್ಣು ಒದ್ದೆಯಾಯಿತು.

ವೇದಿಕೆ ಇಳಿದಾಗ ಕಾಲೇಜು ಹುಡುಗಿಯೊಬ್ಬಳು ಓಡಿ ಬಂದಳು. "ಅಂಕಲ್, ಕೊನೇದು ಸೂಪರ್. ಥೇಟ್ ಅವರ ಥರಾನೇ ಹೊಡೆದ್ರಿ. ಅದು ಅವರ ಯಾವ ಸಿ.ಡಿ.ಲಿದೆ? ನಾನು ಕೇಳೇ ಇಲ್ಲ."

ನಾನು ಬಾಯಿ ತೆರೆದೆ. ಷಡಕ್ಷರಿ ನನ್ನ ತೋಳು ಹಿಡಿದುಕೊಂಡ.

"ಅವರು ಇನ್ನೂ ಬಿಟ್ಟಿಲ್ಲ ಕಣಮ್ಮ" ಎಂದ. "ಬಂದಾಗ ತಗೋ."