ಲಾರಿಗಳು ನಿಂತ ದಿನ

ಹತ್ತೂವರೆಗೆ ಬನ್ನಿ ಎಂದವರು ಹನ್ನೊಂದಾದರೂ ಕರೆದಿರಲಿಲ್ಲ. ನನಗೆ ಕಾಯುವುದು ಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು ನಾನು. ಗಂಟೆ ಎಂದರೆ ಗಂಟೆ. ಬೆಳಿಗ್ಗೆ ಎಳ್ಳುಂಡೆ ಅಗಿಯುವಾಗ ದವಡೆಹಲ್ಲಿನ ಕ್ಯಾಪ್ ಕಳಚಿ ಬಂದಿತ್ತು. ಅದನ್ನು ತೊಳೆದು, ಹತ್ತಿಯಲ್ಲಿ ಸುತ್ತಿ, ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡು ದೇವನಹಳ್ಳಿಯ ಈ ಹೊಸ ಕ್ಲಿನಿಕ್ಕಿಗೆ ಬಂದಿದ್ದೆ. ಕುಳಿತರೆ ಕಾಲು ಅಲುಗುತ್ತಿತ್ತು, ಎದ್ದರೆ ಗಡಿಯಾರ ಕಾಣುತ್ತಿತ್ತು. ನಾಲಿಗೆಗಂತೂ ನೆಮ್ಮದಿಯೇ ಇಲ್ಲ. ಬರಿದಾದ ಮೋಟು ಹಲ್ಲನ್ನು ಸುತ್ತಿ ಸುತ್ತಿ ನೋಡುತ್ತಿತ್ತು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಲವಂಗದೆಣ್ಣೆಯ ವಾಸನೆ ಬಂತು... ನಾನು ಕುಳಿತುಬಿಟ್ಟೆ.

ಆ ಹಲ್ಲನ್ನು ತೇಯ್ದವರು ನಮ್ಮ ಡಾಕ್ಟರು. ನಿವೃತ್ತಿಯ ಮರುವಾರವೇ ನಾನು ಅವರ ಕ್ಲಿನಿಕ್ಕಿಗೆ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದ ಮಾತು. ಹಳೇ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಕ್ಲಿನಿಕ್ಕು. ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ ಅದು. ಜಲ್ಲಿ, ಮರಳು ತುಂಬಿದ ಟಿಪ್ಪರ್ ಲಾರಿಗಳು ಬೆಳಗಿನಿಂದ ಬಾಗಿಲ ಮುಂದೆಯೇ ಹಾಯುತ್ತಿದ್ದವು. ಒಂದೊಂದು ಹಾದಾಗಲೂ ಕಿಟಕಿ ಗಾಜು ಗಡಗಡ ಎನ್ನುತ್ತಿತ್ತು, ನಾನು ಸಾಲಾಗಿ ಜೋಡಿಸಿಟ್ಟ ಸಾಮಾನೆಲ್ಲ ಟ್ರೇಯಲ್ಲಿ ಕಿಣಿಕಿಣಿ ಸದ್ದು ಮಾಡಿ ಓರೆಯಾಗುತ್ತಿತ್ತು. ನಾನು ಮತ್ತೆ ನೆಟ್ಟಗೆ ಜೋಡಿಸುತ್ತಿದ್ದೆ.

ಊರಿನಲ್ಲಿ ಆಗ ಕ್ಯಾಪಿನ ಹುಚ್ಚು ಹಿಡಿದಿತ್ತು. ಜಮೀನು ಮಾರಿದವರು, ಮಾರಿಸಿದವರು, ಎಲ್ಲರಿಗೂ ಹೊಳೆಯುವ ಹಲ್ಲು ಬೇಕು. ಕೇಳಿದವರಿಗೆಲ್ಲ ಡಾಕ್ಟರು ಕ್ಯಾಪ್ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಸೀಮೆಸುಣ್ಣದ ಡಬ್ಬಿ ಇಟ್ಟುಕೊಂಡಿದ್ದರು. ಹೊಸ ಕಡ್ಡಿ ತೆಗೆದು, ಬ್ಲೇಡಿನಿಂದ ಸುತ್ತಲೂ ಕೆರೆದು, ಸಣ್ಣಗಾದ ತುದಿಯನ್ನೂ ಕೆಳಗೆ ಬಿದ್ದ ಪುಡಿಯನ್ನೂ ತೋರಿಸುತ್ತಿದ್ದರು.

"ಕ್ಯಾಪ್ ಕೂರ್ಬೇಕಾದ್ರೆ ಒಳಗಿನ ಹಲ್ಲು ಇಷ್ಟು ಸಣ್ಣ ಆಗ್ಬೇಕಪ್ಪ. ಹೋದದ್ದು ಮತ್ತೆ ಬೆಳೆಯಲ್ಲ. ನಿನ್ ಹಲ್ಲು ಗಟ್ಟಿಯಾಗೇ ಐತಲ್ಲ, ಟೋಪಿ ಯಾಕೆ?"

ಒಬ್ಬ ಸೈಟು ಬ್ರೋಕರು ನಕ್ಕಿದ್ದ. "ಟೋಪಿ ಹಾಕೋದು ನಮ್ ಕಸುಬು, ಡಾಕ್ಟ್ರೇ. ನಮ್ಗೇ ಒಂದು ಹಾಕ್ಬುಡಿ ಅಂದ್ರೆ ನೀವು ಇಷ್ಟು ಲೆಕ್ಕ ಹಾಕ್ತೀರಲ್ಲ."

ಆ ಪುಡಿಯನ್ನು ಒರೆಸುವುದು ಮಾತ್ರ ನನ್ನ ಪಾಲಿಗೆ ಬರುತ್ತಿತ್ತು.

ಅವರ ಕೈ ಮೊದಲು ಯಾವಾಗ ನಡುಗಿತೋ ನೆನಪಿಲ್ಲ... ಎಡಗೈಯಲ್ಲಿ ಹಿಡಿದ ಪುಟ್ಟ ಕನ್ನಡಿ ರೋಗಿಯ ಹಲ್ಲಿಗೆ ತಗುಲಿ ಟಿಕ್ ಟಿಕ್ ಎಂದದ್ದು ನೆನಪಿದೆ. ಆಮೇಲೆ ಬಲಗೈಯೂ ಶುರುವಾಯಿತು. ಸಂಜೆ ಕ್ಲಿನಿಕ್ಕು ಮುಚ್ಚುವಾಗ ಅವರು ಕೇಳಿದರು.

"ಸಿಸ್ಟರ್, ನಿಜ ಹೇಳಿ. ಲಾರೀನಾ, ನಾನಾ?"

"ಲಾರಿ, ಸಾರ್," ಎಂದೆ. ಬೇರೇನು ಹೇಳಲಿ? ನೆಲವೇ ನಡುಗುವಾಗ ಯಾರ ಕೈ ನಿಂತೀತು?

ಅವರು ನಂಬಲಿಲ್ಲ. ಹಲ್ಲು ಕೀಳುವುದು, ಕ್ಲೀನ್ ಮಾಡುವುದು ನಡೆಯಿತು. ಕ್ಯಾಪಿನವರನ್ನು ಮಾತ್ರ ಇವತ್ತು ಬೇಡ, ಮುಂದಿನ ವಾರ ನೋಡೋಣ ಎಂದು ಕಳಿಸತೊಡಗಿದರು. ಆಮೇಲಾಮೇಲೆ ಕೂರುವುದನ್ನೇ ಬಿಟ್ಟರು. ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಬಂದು ಕೈ ಚಾಚಿ ಬೆರಳು ನೋಡಿಕೊಳ್ಳುವುದು, ಮತ್ತೆ ಬಾಗಿಲಿಗೆ... ನೋಡಿ ನೋಡಿ ನನ್ನ ತಲೆ ತಿರುಗುತ್ತಿತ್ತು.

ಅದೇ ದಿನಗಳಲ್ಲಿ ಚಕ್ಕುಲಿ ಕಡಿಯುವಾಗ ನನ್ನ ದವಡೆಹಲ್ಲಿನ ಒಂದು ಮೂಲೆ ಮುರಿಯಿತು. ಡಾಕ್ಟರು ನೋಡಿದರು. ಇದಕ್ಕೆ ಕ್ಯಾಪೇ ಆಗಬೇಕು, ಬೆಂಗಳೂರಿಗೆ ಹೋಗಿ, ಬರೆದು ಕೊಡ್ತೀನಿ ಎಂದರು.

"ನಾನ್ಯಾಕೆ ಬೆಂಗಳೂರಿಗೆ ಹೋಗ್ಲಿ, ಸಾರ್? ಆಯುಧಪೂಜೆ ದಿನ ಲಾರಿ ಓಡಲ್ಲ. ಅವತ್ತು ಬೆಳಿಗ್ಗೆ ಪೂಜೆಗೆ ಮುಂಚೆ ನೀವೇ ಮಾಡಿ."

ಅವರು ಕೈ ಚಾಚಿ ಬೆರಳು ನೋಡಿಕೊಂಡರು. "ಅವತ್ತು ಕೈ ನಿಂತ್ರೆ ಕೆಲಸ ಮುಂದುವರಿಸ್ತೀನಿ. ನಿಲ್ಲದಿದ್ರೆ ಹಲ್ಲು ತೇಯೋ ಮೆಷಿನ್ ಆಮೇಲೆ ಮತ್ತೆ ಮುಟ್ಟಲ್ಲ. ಒಪ್ಪಿಗೇನಾ?"

ಒಪ್ಪಿಗೆ ಎಂದೆ.

ಆ ಬೆಳಿಗ್ಗೆ ರಸ್ತೆ ಬಿಕೋ ಎನ್ನುತ್ತಿತ್ತು. ಲಾರಿಗಳೆಲ್ಲ ಸೇವಂತಿಗೆ ಹಾರ ಹಾಕಿಸಿಕೊಂಡು ಓಣಿ ಓಣಿಯಲ್ಲಿ ನಿಂತಿದ್ದವು. ಟ್ರೇಯನ್ನು ನಾನೇ ಜೋಡಿಸಿಟ್ಟು ಕುರ್ಚಿ ಹತ್ತಿದೆ. ನನ್ನ ಜಾಗದಲ್ಲಿ ಎಂಜಲು ಎಳೆಯುವ ಕೊಳವೆ ಹಿಡಿದು ಅವರ ಮನೆಯವರು ನಿಂತರು. "ಇಷ್ಟು ವರ್ಷ ನನ್ ಬಾಯಿ ಮುಚ್ಚಿಸೋಕಾಗಿಲ್ಲ ಇವ್ರಿಗೆ, ಸಿಸ್ಟರ್. ನಿಮ್ದು ತೆರೆಸಿ ಕೂರಿಸವ್ರೆ ನೋಡಿ," ಎಂದರು ಆಕೆ. ಡಾಕ್ಟರು ನಗಲಿಲ್ಲ.

ಇಂಜೆಕ್ಷನ್ ಕೊಟ್ಟು, ತುಟಿ ಮರಗಟ್ಟುವವರೆಗೆ ಅತ್ತಿತ್ತ ಅಡ್ಡಾಡಿದರು. ಆಮೇಲೆ ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ ಮೆಷಿನ್ ಚಾಲೂ ಮಾಡಿದರು. ನೂರಾರು ಸಲ ಪಕ್ಕದಲ್ಲಿ ನಿಂತು ನೋಡಿದ ಕೆಲಸ. ಕಣ್ಣು ಮುಚ್ಚಿದ್ದರೂ ಪ್ರತಿ ಹಂತವೂ ತಿಳಿಯುತ್ತಿತ್ತು. ಮೊದಲು ಹಲ್ಲಿನ ನೆತ್ತಿಯ ಮೇಲೆ ಸಣ್ಣ ಗೀರುಗಳು, ಎಷ್ಟು ಆಳ ತೇಯಬೇಕೆಂಬ ಗುರುತಿಗೆ. ಆ ಗೀರಿನ ಮಟ್ಟಕ್ಕೆ ನೆತ್ತಿ ಇಳಿಯಿತು. ಆಮೇಲೆ ಸುತ್ತಲ ಗೋಡೆ. ಬೋರಲಿಟ್ಟ ಲೋಟದ ಹಾಗೆ ಮೇಲಕ್ಕೆ ಹೋದಂತೆ ಸ್ವಲ್ಪವೇ ಕಿರಿದಾಗಬೇಕು. ಹೆಚ್ಚು ಇಳಿಜಾರಾದರೆ ಕ್ಯಾಪ್ ಜಾರುತ್ತದೆ, ತೀರಾ ನೆಟ್ಟಗಿದ್ದರೆ ಕೆಳಗಿಳಿಯುವುದೇ ಇಲ್ಲ. ಕಡೆಗೆ ಒಸಡಿನ ಅಂಚಿನಲ್ಲಿ ಕ್ಯಾಪಿನ ಬಾಯಿ ಕೂರಲು ಸುತ್ತ ಒಂದು ಸಣ್ಣ ಮೆಟ್ಟಿಲು. ಕಷ್ಟವೆಲ್ಲ ಅಲ್ಲೇ.

ಆ ಮೆಟ್ಟಿಲು ಮಾಡುವಾಗ, ನಾಲಿಗೆಯ ಕಡೆ, ಮೆಷಿನ್ ಒಮ್ಮೆ ನಿಂತಿತು. ಅಷ್ಟು ಮೌನ ಆ ಕೋಣೆಯಲ್ಲಿ ನಾನು ಕೇಳಿರಲಿಲ್ಲ. "ನೋವಾಯ್ತಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಮತ್ತೆ ಚಾಲೂ ಮಾಡಿದರು. ಮೊದಲಿಗಿಂತ ನಿಧಾನ, ಬಲು ನಯ. ಒಸಡು ಸರಿಯಲೆಂದು ಸುತ್ತ ದಾರ ಒತ್ತಿದರು, ಅಚ್ಚು ತೆಗೆದರು, ಲವಂಗದ ವಾಸನೆಯ ಅಂಟು ಸವರಿ ತಾತ್ಕಾಲಿಕ ಕ್ಯಾಪ್ ಕೂರಿಸಿದರು. ಮರಗಟ್ಟಿದ ತುಟಿಯಲ್ಲೇ ನಾನು, "ನೋಡಿದ್ರಾ ಸಾರ್, ಲಾರೀನೇ," ಎಂದೆ.

ಅವರು ಮೆಷಿನ್ ತೊಳೆದು ಒರೆಸಿ ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಪೂಜೆಗಿಟ್ಟ ಆಯುಧವನ್ನು ಮರುದಿನ ಎತ್ತಬೇಕು. ಅವರು ಎತ್ತಲಿಲ್ಲ. ಬೆಂಗಳೂರಿನ ಲ್ಯಾಬಿನಿಂದ ನನ್ನ ಕ್ಯಾಪ್ ಬಂದಾಗ ಕೈಯಿಂದಲೇ ಕೂರಿಸಿದರು. ಅದಕ್ಕೆ ಮೆಷಿನ್ ಬೇಕಿರಲಿಲ್ಲ. ಅದೇ ಕಡೆಯ ಕೆಲಸ. ದೀಪಾವಳಿಯ ಹೊತ್ತಿಗೆ ಬೋರ್ಡು ಇಳಿಸಿದರು.

ನನಗೆ ಸಿಟ್ಟು ಬಂದಿತ್ತು. ಕೈ ನಿಂತರೆ ಮುಂದುವರಿಸುತ್ತೇನೆ ಎಂದವರು, ಕೈ ನಿಂತಮೇಲೂ ಬಿಟ್ಟುಬಿಟ್ಟರಲ್ಲ ಎಂದು. ಸಿಕ್ಕಾಗಲೆಲ್ಲ ಅದನ್ನೇ ತೆಗೆಯುತ್ತಿದ್ದೆ. "ಕೈ ಚೆನ್ನಾಗೇ ಇತ್ತು, ಸಾರ್. ಸಾಕ್ಷಿ ನನ್ ಬಾಯಲ್ಲೇ ಐತೆ."

ಅವರು ತಲೆಯಾಡಿಸುತ್ತಿದ್ದರು. "ಹಲ್ಲು ತೊಂದ್ರೆ ಕೊಡ್ತಿಲ್ಲ ತಾನೇ, ಸಿಸ್ಟರ್? ಅಷ್ಟು ಸಾಕು." ಪ್ರತಿ ಸಲ ಅದೇ ಪ್ರಶ್ನೆ. ಮಾತು ಹಾರಿಸುವ ಉಪಾಯವೆಂದು ತಿಳಿದಿದ್ದೆ.

ಏರ್‌ಪೋರ್ಟ್ ಶುರುವಾಯಿತು. ಲಾರಿಗಳು ಕಡಿಮೆಯಾದವು. ಅವರ ಕೈ ನಿಲ್ಲಲಿಲ್ಲ. ಕಡೆಕಡೆಗೆ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಅದು ಆಮೇಲೆ ಬಂದ ಕಾಯಿಲೆ ಎಂದು ನಾನು ಸಾಧಿಸುತ್ತಿದ್ದೆ... ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು. ಆ ಮನೆಯ ಜಾಗದಲ್ಲಿ ಲಾಡ್ಜ್ ಎದ್ದಿದೆ.

ನನ್ನ ಹೆಸರು ಕರೆದಾಗ ಹನ್ನೊಂದೂಕಾಲು. ಕುರ್ಚಿಯಲ್ಲಿ ಕೂರಿಸಿ, ಹುಡುಗಿಯಂತಿದ್ದ ಡಾಕ್ಟರಮ್ಮ ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಇಟ್ಟಳು. ಎದುರಿನ ಪರದೆಯ ಮೇಲೆ ನನ್ನ ಮೋಟು ಹಲ್ಲು ಅಂಗೈಯಗಲ ಕಾಣಿಸಿತು. ಅಷ್ಟು ವರ್ಷ ನಾಲಿಗೆಗೂ ಸಿಗದೆ ಮುಚ್ಚಿಕೊಂಡಿದ್ದ ಹಲ್ಲು.

"ಯಾರು ಮಾಡಿದ್ದು, ಆಂಟಿ? ಕೆಲಸ ಚೆನ್ನಾಗಿದೆ. ಈ ಅಂಚು ನೋಡಿ, ಗೆರೆ ಎಳೆದ ಹಾಗಿದೆ." ಆಮೇಲೆ ನಾಲಿಗೆಯ ಕಡೆಗೆ ಬೆರಳು ತೋರಿಸಿದಳು. "ಇಲ್ಲೊಂದು ಕಡೆ ಮಾತ್ರ ಕೈ ಜಾರಿದೆ. ಕೆಳಗಿನವರೆಗೂ ಗೀರಿದೆ. ಆಮೇಲೆ ಅದನ್ನ ನಯ ಮಾಡವ್ರೆ, ತುಂಬಾ ಹುಷಾರಾಗಿ."

ಪರದೆಯ ಮೇಲೆ ಆ ಗೀರು ಉಗುರಿನ ಗುರುತಿನಂತೆ ಕಾಣುತ್ತಿತ್ತು. ನೋವಾಯ್ತಾ ಎಂದು ಕೇಳಿದ್ದು ಆಗಲೇ. ಆ ಬೆಳಿಗ್ಗೆ ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ.

"ಹೊಸದೇ ಹಾಕೋಣ್ವಾ, ಆಂಟಿ? ಈ ಗೀರನ್ನ ತೇಯ್ದು ತೆಗೆದುಬಿಡ್ತೀನಿ."

"ಹಳೇ ಕ್ಯಾಪ್ ಕೂರುತ್ತಾ, ನೋಡಮ್ಮ."

ಇಟ್ಟು ನೋಡಿದಳು. ಕೂರುತ್ತದೆ ಎಂದಳು.

"ಹಾಗಾದ್ರೆ ಅದನ್ನೇ ಅಂಟಿಸು. ಗೀರು ಹಾಗೇ ಇರ್ಲಿ."

ಅವಳು ಅಂಟು ಕಲಸಲು ಆ ಕಡೆ ತಿರುಗಿದಳು. ಕಾಲು ಅಲುಗುವುದು ನಿಂತಿರಲಿಲ್ಲ. ನಾಲಿಗೆ ತಾನಾಗಿಯೇ ಆ ಜಾಗಕ್ಕೆ ಹೋಯಿತು. ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣ ತಗ್ಗು. ಸಾರ್, ತೊಂದರೆ ಏನೂ ಕೊಡುತ್ತಿಲ್ಲ ಎಂದು ಹೇಳಬೇಕಿತ್ತು... ಡಾಕ್ಟರಮ್ಮ ಬಂದು ಬಾಯಿ ತೆರೆಯಿರಿ ಎಂದಳು. ತೆರೆದೆ.